ಸ್ಟೋರ್ ಕೀಪರ್ ಮನೆ ಬಾಗಿಲಿಗೆ ಕಾರು ಬಂದದ್ದು

ಪೋಸ್ಟಾಫೀಸಿನಿಂದ ನಿವೃತ್ತರಾದ ಪಕ್ಕದ ಮನೆ ಅಜ್ಜಿಯ ಕಾಲು ಉಳುಕಿದ್ದೇ ಎಲ್ಲ ಅನಾಹುತಕ್ಕೂ ಮೂಲ. ಉಳುಕಲಿ ಪಾಪ, ವಯಸ್ಸಾಯಿತು. ಆದರೆ ನಮ್ಮ ಸ್ಟೋರ್ ಕೀಪರ್‌ಗೆ ಸಂದರ್ಶನವಿರುವ ದಿನವೇ ಉಳುಕಬೇಕೆ?

ಫ್ಯಾನ್ ಕಂಪನಿಯ ಉಗ್ರಾಣದಲ್ಲಿ ರೆಕ್ಕೆ, ಮೋಟಾರು, ತಿರುಪುಗಳನ್ನು ಕಾಯುತ್ತಲೇ ತಲೆ ಬೋಳಾಗಿಸಿಕೊಂಡಿದ್ದ ಈ ಮನುಷ್ಯ, ಅಂದು ಹತ್ತು ಗಂಟೆಗೆ ಅದೇ ಕಂಪನಿಯ ಮ್ಯಾನೇಜರ್ ಹುದ್ದೆಯ ಸಂದರ್ಶನಕ್ಕೆ ಹೋಗಬೇಕಿತ್ತು. ಸಂಬಳವೂ ಹೆಚ್ಚುತ್ತಿತ್ತು, ನಿಜ. ಆದರೆ ಅವನ ನಿದ್ದೆ ಕೆಡಿಸಿದ್ದು ಆ ಹುದ್ದೆಯ ಜೊತೆ ಬರುವ ಕಾರು. ಅದೂ ಡ್ರೈವರ್ ಸಮೇತ! ಬೆಳಗ್ಗೆ ಬಾಗಿಲಿಗೆ ಬರುತ್ತದೆ, ಡ್ರೈವರ್ ಇಳಿದು ಹಿಂದಿನ ಬಾಗಿಲು ತೆಗೆದು ಹಿಡಿಯುತ್ತಾನೆ, ಇವನು ಹತ್ತಿ ಕೂರುತ್ತಾನೆ. ಬಸ್ಸಿನಲ್ಲಿ ನೇತಾಡಿ ನೇತಾಡಿ ತನ್ನ ಬಲಗೈ ಎಡಗೈಗಿಂತ ಉದ್ದವಾಗಿದೆ ಎಂದೇ ನಂಬಿದ್ದವನಿಗೆ ಇನ್ನೇನು ಬೇಕು? ಹೆಂಡತಿ ಆಗಲೇ ಗೇಟಿನ ಮುಂದಿನ ಹೂಕುಂಡಗಳನ್ನು ಸರಿಸಿ ಜಾಗ ಮಾಡಿದ್ದಳು. ಎದುರುಮನೆ ವಕೀಲರಿಗೂ ಸುದ್ದಿ ಮುಟ್ಟಿಸಿದ್ದಳು. ಅಂದರೆ ಇಡೀ ಬೀದಿಗೆ ಮುಟ್ಟಿತ್ತು.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವನು ಗೇಟು ದಾಟುವುದಕ್ಕೂ ಪಕ್ಕದ ಮನೆ ಕಿಟಕಿಯಿಂದ ಕೂಗು ಬರುವುದಕ್ಕೂ ಸರಿಹೋಯಿತು.

"ಏ ಸ್ಟೋರು! ಬಾಪ್ಪ ಇಲ್ಲಿ!"

ಅಜ್ಜಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. "ಇವತ್ತು ಮಕ್ಕಳ ಸಾಲು ನೀನೇ ಕರ್ಕೊಂಡು ಹೋಗ್ಬೇಕು ನೋಡು."

ಈ ಸಾಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಹಿಂದೆ ಆ ಬೀದಿಯ ಮಕ್ಕಳೆಲ್ಲ ಕೂಗಳತೆಯ ಶಾಲೆಗೂ ಕಾರು, ಸ್ಕೂಟರಿನಲ್ಲೇ ಹೋಗುತ್ತಿದ್ದರು. ಶಾಲೆಯ ಗೇಟಿನಲ್ಲಿ ಹಾರ್ನು, ಹೊಗೆ, ಅಪ್ಪಂದಿರ ಜಗಳ. ಒಂದು ದಿನ ಆ ನೂಕುನುಗ್ಗಲಿನಲ್ಲಿ ಒಂದು ಮಗುವಿನ ಪಾದದ ಮೇಲೇ ಸ್ಕೂಟರ್ ಹತ್ತಿತು. ಮರುದಿನ ಅಜ್ಜಿ ಮನೆಮನೆಗೆ ಹೋಗಿ ಎಲ್ಲರಿಗೂ ಮಂಗಳಾರತಿ ಎತ್ತಿ, ಉದ್ದದ ಹಗ್ಗವೊಂದನ್ನು ತಂದರು. ಅಂದಿನಿಂದ ಚಿಕ್ಕವರು ಹಗ್ಗ ಹಿಡಿದು ನಡೆಯುತ್ತಾರೆ, ದೊಡ್ಡ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಹಿಂದೆ ಒಬ್ಬರ ಬೆನ್ನಿಗೊಬ್ಬರು ಸೈಕಲ್ಲಿನಲ್ಲಿ ಬರುತ್ತಾರೆ. ರಸ್ತೆ ದಾಟುವಲ್ಲಿ ಇಳಿದು ತಳ್ಳುತ್ತಾರೆ. ದಾಟಿದ ಮೇಲೆ ತಿರುಗಿ ನಿಂತು, ತಮಗಾಗಿ ನಿಂತ ಗಾಡಿಯವರಿಗೆ ಕೈ ಬೀಸುತ್ತಾರೆ. ನೋಡಲು ಎರಡು ಕಣ್ಣು ಸಾಲದು.

"ಅಜ್ಜೀ, ನಂಗೆ ಇಂಟರ್‌ವ್ಯೂ ಇದೆ..."

"ಹತ್ತಕ್ಕೆ ತಾನೆ? ಮಕ್ಕಳನ್ನ ಬಿಟ್ಟು ಹಾಗೇ ಹೋಗು."

ಮಹಡಿಯಿಂದ ವಕೀಲರು ಬಗ್ಗಿದರು. "ಹೋಗ್ಬನ್ನಿ ಸಾರ್, ಪುಣ್ಯದ ಕೆಲಸ. ನಾನೇ ಹೋಗ್ತಿದ್ದೆ, ನಂಗೆ ನಡೆದ್ರೆ ಆಗಲ್ಲ."

"ನಡೀದೇ ಇದ್ದಿದ್ದಕ್ಕೇ ನಿಂಗೆ ಆಗದೇ ಇರೋದು!" ಎಂದರು ಅಜ್ಜಿ. ವಕೀಲರು ಒಳಗೆ ಹೋದರು.

ಕೊರಳಿಗೆ ಸೀಟಿ ಬಿತ್ತು, ಬಿಳಿ ಅಂಗಿಯ ಮೇಲೆ ಹಳದಿ ಕೋಟು ಏರಿತು. ಸಾಲಿನ ಮುಂದೆ 'ನಿಲ್ಲಿ' ಎಂಬ ಕೆಂಪು ಹಲಗೆ ಹಿಡಿದು ನಿಂತಿದ್ದವಳು ಅವನ ಮಗಳೇ.

"ಬೇಗ ಬೇಗ ನಡೀರಪ್ಪ," ಎಂದ ಸ್ಟೋರ್ ಕೀಪರ್.

ಹತ್ತು ಹೆಜ್ಜೆ ಹೋಗಿಲ್ಲ, "ನಿಲ್ಲಿ!" ಎಂದಿತು ಒಂದು ದನಿ. ಯಾರು ಹೇಳಿದರೂ ಎಲ್ಲರೂ ನಿಲ್ಲಬೇಕು, ಅದು ಸಾಲಿನ ಕಾನೂನು. ಒಬ್ಬನ ಶೂ ಲೇಸು ಬಿಚ್ಚಿತ್ತು. ಮತ್ತೆ "ನಿಲ್ಲಿ!" ಒಂದು ಸೈಕಲ್ಲಿನ ಚೈನು ಕಳಚಿತ್ತು. ಅದನ್ನು ಕೂರಿಸುವಷ್ಟರಲ್ಲಿ ಬಿಳಿ ಅಂಗಿಯ ತೋಳು ಗ್ಯಾರೇಜಿನ ಬಟ್ಟೆಯಂತಾಯಿತು. ಮತ್ತೆ "ನಿಲ್ಲಿ!" ಬೆಕ್ಕೊಂದು ಮರಿಗಳ ಜೊತೆ ಅಡ್ಡ ಹೋಗುತ್ತಿತ್ತು.

"ಈ ಸಂದೀಲಿ ಹೋದ್ರೆ ಹತ್ರ ಆಗುತ್ತೆ, ಬನ್ನಿ," ಎಂದು ಅವನು ತಿರುಗಿದ. ಸಾಲು ಮಿಸುಕಲಿಲ್ಲ.

"ಅಲ್ಲಿ ಲಾರಿ ರಿವರ್ಸ್ ತಗೋತಾವೆ ಅಂಕಲ್. ಡ್ರೈವರ್‌ಗೆ ನಾವು ಕಾಣ್ಸಲ್ಲ," ಎಂದ ಅವನ ಸೊಂಟದೆತ್ತರದ ಒಬ್ಬ ಪೋರ.

"ಹಾಗಾದ್ರೆ ಸ್ವಲ್ಪ ಓಡಿ!"

"ಅಪ್ಪಾ," ಎಂದಳು ಮಗಳು, "ರಸ್ತೇಲಿ ಓಡಬಾರದು. ನಿಂಗೆ ಓಡ್ಲೇಬೇಕು ಅಂದ್ರೆ ಸಾಲಿಂದ ಹೊರಗೆ ಹೋಗು."

ಅವನಿಗೆ ಸಿಟ್ಟೂ ಬಂತು, ಒಳಗೊಳಗೇ ಹೆಮ್ಮೆಯೂ ಆಯಿತು. ಮನೆಯಲ್ಲಿ ಹಾಲು ಕುಡಿ ಎಂದರೆ ಅಳುವ ಹುಡುಗಿ ಇವಳೇನಾ? ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ, ಹಲಗೆ ಎತ್ತಿ ದೊಡ್ಡ ರಸ್ತೆಗೆ ಇಳಿದಳು. ಬಸ್ಸು ನಿಂತಿತು, ಲಾರಿ ನಿಂತಿತು. ಹಲಗೆಯ ಹಿಂದೆ ಸಾಲು ಸಾಗಿತು.

ನಿಲ್ಲಲೊಲ್ಲದ್ದು ಒಂದೇ ಒಂದು ಬಿಳಿ ಕಾರು. ಪೋಂ ಪೋಂ ಎನ್ನುತ್ತ ಇಂಚಿಂಚೇ ನುಗ್ಗಿ ಬಂತು. ಹಗ್ಗದ ತುದಿಯಲ್ಲಿದ್ದ ಪುಟಾಣಿ ಬೆಚ್ಚಿಬಿದ್ದು, ಹಗ್ಗ ಬಿಟ್ಟು ನಡುರಸ್ತೆಯಲ್ಲೇ ಅಳತೊಡಗಿದಳು.

ಸ್ಟೋರ್ ಕೀಪರ್ ಜನ್ಮದಲ್ಲಿ ಯಾರಿಗೂ ದನಿ ಎತ್ತಿದವನಲ್ಲ. ಅಂದು ಅದೇನು ಬಂತೋ, ಸಂದರ್ಶನ, ಅಂಗಿ ಎಲ್ಲ ಮರೆತು ಮಗುವನ್ನು ಎತ್ತಿಕೊಂಡ. ಇನ್ನೊಂದು ಕೈಯಿಂದ ಕಾರಿನ ಮೂತಿಗೆ ದಬದಬ ಗುದ್ದಿದ. "ಕಣ್ಣು ಕಾಣಲ್ವೇನ್ರಿ? ಮಕ್ಕಳು ಅನ್ನೋ ಜ್ಞಾನ ಬೇಡ್ವಾ? ಮನುಷ್ಯರೇನ್ರಿ ನೀವು?"

ಹಿಂದಿನ ಕಿಟಕಿಯ ಗಾಜು ಇಳಿಯಿತು. ಒಳಗೆ ಕೂತಿದ್ದವರು ಕಂಪನಿಯ ಡೈರೆಕ್ಟರು.

ಗುದ್ದಲು ಎತ್ತಿದ್ದ ಕೈಯಲ್ಲೇ ಸ್ಟೋರ್ ಕೀಪರ್ ಸಲಾಮು ಹೊಡೆದು, ಮಗುವಿನ ಜೊತೆ ರಸ್ತೆ ದಾಟಿದ. ಆಚೆ ದಡದಲ್ಲಿ ಮಕ್ಕಳು ತಿರುಗಿ ನಿಂತು, ಅದೇ ಕಾರಿಗೆ ಕೈ ಬೀಸಿ, "ಥ್ಯಾಂಕ್ಯೂ ಅಂಕಲ್!" ಎಂದು ಒಟ್ಟಿಗೆ ಕೂಗಿದರು.

ಹುದ್ದೆಗೆ ಎಳ್ಳುನೀರು ಬಿಟ್ಟೇ ಅವನು ಸಂದರ್ಶನದ ಕೋಣೆಗೆ ಕಾಲಿಟ್ಟದ್ದು. ಮೇಜಿನ ಆಚೆ ಡೈರೆಕ್ಟರು ಕನ್ನಡಕ ಸರಿಮಾಡಿಕೊಂಡರು.

"ನನ್ನ ಕಾರಿಗೆ ಗುದ್ದಿದ್ದು ನೀವೇ ಅಲ್ವಾ?"

"ತಪ್ಪಾಯ್ತು ಸಾರ್..."

"ತಪ್ಪು ನಂದು ಕಣ್ರೀ! ಹಾರ್ನ್ ಹೊಡಿ ಅಂತ ಡ್ರೈವರ್‌ಗೆ ಹೇಳಿದ್ದೇ ನಾನು. ಆ ಮಗು ಅತ್ತಿದ್ದು ನೋಡಿ ನಂಗೇ ನಾಚಿಕೆ ಆಯ್ತು. ಮೇಲೆ ಆ ಮಕ್ಕಳು ನಂಗೇ ಥ್ಯಾಂಕ್ಸ್ ಹೇಳ್ತಾವೆ! ಎಂಥಾ ಮಕ್ಕಳನ್ನ ತಯಾರು ಮಾಡಿದ್ದೀರಿ ನೀವು!"

'ನಾನಲ್ಲ ಸಾರ್, ಅಜ್ಜಿ' ಎನ್ನಲು ಬಾಯಿ ತೆರೆದವನು ಕಾರನ್ನು ನೆನೆದು ಬಾಯಿ ಮುಚ್ಚಿದ.

"ಹುದ್ದೆ ನಿಮ್ಮದೇ. ಮ್ಯಾನೇಜರ್ ಕಾರು ನಾಳೆ ಬೆಳಗ್ಗೆಯೇ ನಿಮ್ಮ ಬಾಗಿಲಿಗೆ ಬರುತ್ತೆ. ಡ್ರೈವರ್‌ಗೆ ಈಗ್ಲೇ ಹೇಳಿಬಿಡ್ತೀನಿ."

ಮರುದಿನ ಬೀದಿಗೆ ಬೀದಿಯೇ ಮಹಡಿ ಏರಿ ನಿಂತಿತ್ತು. ಅಜ್ಜಿ ಕಿಟಕಿಗೆ ಕುರ್ಚಿ ಎಳೆದುಕೊಂಡಿದ್ದರು. ಕಾರು ಬಂತು. ಡ್ರೈವರ್ ಇಳಿದು ಸಲಾಮು ಹೊಡೆದು ಹಿಂದಿನ ಬಾಗಿಲು ತೆಗೆದು ಹಿಡಿದ. ಸ್ಟೋರ್ ಕೀಪರ್, ಅಲ್ಲಲ್ಲ, ಮ್ಯಾನೇಜರು, ಎದೆಯುಬ್ಬಿಸಿ ಒಂದು ಕಾಲು ಮುಂದಿಟ್ಟ.

ಒಳಗಿನಿಂದ ಒಬ್ಬ ಪುಟ್ಟ ಹುಡುಗ ಸ್ಕೂಲ್ ಬ್ಯಾಗ್ ಸಮೇತ ಇಳಿದ.

"ಡೈರೆಕ್ಟರ್ ಸಾಹೇಬ್ರ ಮೊಮ್ಮಗ ಸಾರ್," ಎಂದ ಡ್ರೈವರ್. "ಇನ್ಮೇಲೆ ನಿಮ್ಮ ಸಾಲಲ್ಲೇ ನಡೆದು ಹೋಗ್ಬೇಕಂತೆ. ದಿನಾ ತಂದು ಬಿಡೋದಕ್ಕೆ ಈ ಕಾರು ಕೊಟ್ಟಿದ್ದಾರೆ."

"ಮತ್ತೆ ನಾನು?"

"ಮಕ್ಕಳಿಗೆ ನಡೆಯೋದು ಕಲಿಸೋ ನಿಮ್ಮಂಥೋರಿಗೆ ಕಾರು ಕೊಟ್ರೆ ಅವಮಾನ ಮಾಡಿದ ಹಾಗೆ ಅಂದ್ರು ಸಾರ್."

"ಅಲ್ಲಪ್ಪ, ಹೇಗೂ ಫ್ಯಾಕ್ಟರಿ ಕಡೆಗೇ ಹೋಗ್ತೀಯ, ಶಾಲೆ ಗೇಟಿಂದ ನನ್ನ..."

"ನೀವು ದಾಕ್ಷಿಣ್ಯಕ್ಕೆ ಹತ್ತುತ್ತೀನಿ ಅನ್ನಬಹುದು, ಹತ್ತಿಸ್ಕೋಬೇಡ ಅಂತಾನೂ ಹೇಳಿದ್ದಾರೆ."

ಖಾಲಿ ಕಾರು ತಣ್ಣಗೆ ಫ್ಯಾಕ್ಟರಿಯ ದಾರಿ ಹಿಡಿಯಿತು. ಮಹಡಿಯಿಂದ ವಕೀಲರು ಚಪ್ಪಾಳೆ ತಟ್ಟಿದರು, ಯಾವುದಕ್ಕೆಂದು ಅವರಿಗೂ ಗೊತ್ತಿರಲಿಲ್ಲ. ಹುಡುಗ ಬಂದು ಅವನ ಬೆರಳು ಹಿಡಿದುಕೊಂಡ.

"ಅಂಕಲ್, ನಾನು ಹತ್ತನೇ ಕ್ಲಾಸು ಮುಗಿಸೋವರೆಗೂ ನೀವೇ ಕರ್ಕೊಂಡು ಹೋಗ್ತೀರಂತೆ. ತಾತ ಹೇಳಿದ್ರು."

"ಈಗ ಎಷ್ಟನೇ ಕ್ಲಾಸಪ್ಪ ನೀನು?"

"ಒಂದನೇ ಕ್ಲಾಸು."