ಅಡುಗೆಮನೆಯಲ್ಲಿ ರೋಮ್ ಬಿದ್ದ ದಿನ

"ಒಂದೇ ಒಂದು ಭಾನುವಾರ ಕೊಡಿ, ಇಡೀ ರೋಮ್ ಸಾಮ್ರಾಜ್ಯವನ್ನ ಮಗಳ ತಲೆಗೆ ಇಳಿಸಿಬಿಡ್ತೀನಿ!" ಎಂದು ನಾನು ಘೋಷಿಸಿದಾಗ ಹೆಂಡತಿ ನನ್ನತ್ತ ತಿರುಗಲೂ ಇಲ್ಲ. ಮೂರು ವಾರದಿಂದ ತೊಟ್ಟಿಕ್ಕುತ್ತಿದ್ದ ಸಿಂಕಿನ ನಲ್ಲಿಯನ್ನು ನೋಡಿದಳು.

"ಸಾಮ್ರಾಜ್ಯ ಅಲ್ಲಪ್ಪಾ, ಆಗಿನ್ನೂ ಗಣರಾಜ್ಯ," ಎಂದಳು ಮಗಳು.

"ಎರಡೂ ಒಂದೇ!" ಎಂದೆ. ಕಚೇರಿಯಲ್ಲಿ ಹನ್ನೊಂದು ಜನರನ್ನು ಆಳುವ ಹೆಡ್ ಕ್ಲರ್ಕು ನಾನು, ಇಂಥ ಸಣ್ಣಪುಟ್ಟದಕ್ಕೆಲ್ಲ ನಿಲ್ಲುವವನಲ್ಲ.

ವಿಷಯ ಇಷ್ಟು. ಮಗಳ ಶಾಲೆಯಲ್ಲಿ ಹಳೆಯ ರೋಮಿನ ರಾಜಕೀಯದ ಒಂದು ದುರಂತ ನಾಟಕ ಆಡಿಸುತ್ತಿದ್ದರು. ಅದರ ಐತಿಹಾಸಿಕ ಹಿನ್ನೆಲೆಯ ಕಿರುಪರೀಕ್ಷೆಯಲ್ಲಿ ಹತ್ತು ಅಂಕ ದಾಟಿದವರಿಗೆ ಮಾತ್ರ ಪಾತ್ರ. ಮೊದಲ ಸಲ ಇವಳಿಗೆ ಬಂದದ್ದು ಇಪ್ಪತ್ತಕ್ಕೆ ಮೂರು. ಅದೂ ಅಕ್ಷರ ದುಂಡಗಿದ್ದದ್ದಕ್ಕೆ! ಕೊನೆಯ ಅವಕಾಶ ಸೋಮವಾರ.

"ಅಷ್ಟು ಒಳ್ಳೆ ನಾಯಕನನ್ನ ಸ್ನೇಹಿತರೇ ಯಾಕೆ ಕೊಂದರು ಅನ್ನೋದೇ ಅರ್ಥ ಆಗ್ತಿಲ್ಲ," ಎಂದು ಮಗಳು ಮೂಗೆಳೆದಳು.

"ಓದಿದರೆ ಅರ್ಥ ಆಗಲ್ಲ, ಬದುಕಿ ನೋಡ್ಬೇಕು!" ಎಂದು ಮಂಚದ ಹೊಸ ಬಿಳಿ ಹೊದಿಕೆಯನ್ನು ಎಳೆದು ಹೆಗಲಿಗೆ ಸುತ್ತಿಕೊಂಡೆ. ಇದು ರೋಮನ್ನರ ಉಡುಪು ಟೋಗ. ಮನೆ ಗಣರಾಜ್ಯ. ನಾನು, ನನ್ನ ಹೆಂಡತಿ ಇಬ್ಬರು ಕಾನ್ಸಲ್‌ಗಳು, ಅಂದರೆ ಆಡಳಿತದ ಮುಖ್ಯಸ್ಥರು, ಸಮಾನ ಅಧಿಕಾರ. ಒಬ್ಬರ ಆಜ್ಞೆಗೆ ಇನ್ನೊಬ್ಬರು ಕೈಯೆತ್ತಿ "ತಡೆ!" ಎಂದರೆ ಮುಗಿಯಿತು. ಸೋಫಾದಲ್ಲಿದ್ದ ಅತ್ತೆಯವರು ಸೆನೆಟ್.

"ಸೆನೆಟ್ ಅಂದ್ರೆ ಏನು ಮಾಡ್ಬೇಕು ಅಳಿಯಂದಿರೇ?"

"ಹಿರಿಯರು ಕೂತು ಸಲಹೆ ಕೊಡೋದು."

"ಅಂದ್ರೆ ಈಗ ಮಾಡ್ತಿರೋದೇ," ಎಂದು ಅವರು ಕಾಲು ಚಾಚಿದರು.

"ಒಂದು ಲೋಟ ಕಾಫಿ!" ಎಂದು ಆಜ್ಞಾಪಿಸಿದೆ.

"ತಡೆ!" ಎಂದಳು ಹೆಂಡತಿ. "ಪ್ಲಂಬರ್‌ಗೆ ಫೋನ್ ಮಾಡಿ."

"ತಡೆ! ಒಂದು ನಲ್ಲಿಗೆ ಪ್ಲಂಬರ್ ಯಾಕೆ? ನಾನೇ ಮಾಡ್ತೀನಿ."

"ನೀವಾ? ತಡೆ! ತಡೆ! ತಡೆ!"

ಅರ್ಧ ಗಂಟೆಯಲ್ಲಿ ರಾಜ್ಯದ ಆಡಳಿತ ಪೂರ್ತಿ ನಿಂತುಹೋಯಿತು. ನಲ್ಲಿ ಮಾತ್ರ ನಿಂತಿರಲಿಲ್ಲ. ಮಗಳು ಟಿಪ್ಪಣಿ ಪುಸ್ತಕ ತಿರುವಿದಳು: "ಅಪ್ಪಾ, ಇಲ್ಲಿದೆ. ತುರ್ತು ಬಂದಾಗ ಒಬ್ಬನನ್ನ ಸರ್ವಾಧಿಕಾರಿ ಮಾಡ್ತಿದ್ರು. ಹೆಚ್ಚೆಂದರೆ ಆರು ತಿಂಗಳು."

ಆಹಾ! ಎದೆ ಉಬ್ಬಿ ಟೋಗ ಬಿಗಿಯಾಯಿತು. "ನಲ್ಲಿ ಸೋರ್ತಿದೆ, ಇದೇ ತುರ್ತು! ನನ್ನನ್ನ ನಾನೇ ನೇಮಿಸಿಕೊಂಡಿದ್ದೀನಿ. ಅವಧಿ, ಆಜೀವ!"

"ಅಪ್ಪಾ, ರೋಮ್ ಎಡವಿದ್ದು ಇಲ್ಲೇ."

"ಮೊದಲನೇ ಶಾಸನ! ನನ್ನ ಅನುಮತಿ ಇಲ್ಲದೆ ಯಾರೂ ತುಟಿ ಬಿಚ್ಚೋ ಹಾಗಿಲ್ಲ!"

ಸ್ಪ್ಯಾನರ್ ಹಿಡಿದು ಸಿಂಕಿನ ಮೇಲೆ ದಂಡೆತ್ತಿ ಹೋದೆ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಒಮ್ಮೆ ಹಲ್ಲು ಕಚ್ಚಿ ಎಳೆದೆ. ನಲ್ಲಿ ಬುಡಸಮೇತ ಕೈಗೆ ಬಂತು! ಹಿಂದೆಯೇ ನೀರು ಸೀದಾ ಮುಖಕ್ಕೆ ರಾಚಿತು. ಬಾಣಲೆ ಅಡ್ಡ ಹಿಡಿದೆ. ನೀರು ಬಾಣಲೆಗೆ ಬಡಿದು, ಸದ್ದು ಕೇಳಿ ಎದ್ದು ಬಂದಿದ್ದ ಸೆನೆಟ್‌ನ ಮೇಲೆ ಬಿತ್ತು. ಟೋಗದಿಂದ ತೂತು ಮುಚ್ಚಿದೆ. ಟೋಗ ನೀರು ಕುಡಿದು ನನ್ನನ್ನೇ ಕೆಳಗೆಳೆಯಿತು.

ಬಾಗಿಲಲ್ಲಿ ಹೆಂಡತಿ ಶಾಲಾ ಹುಡುಗಿಯ ಹಾಗೆ ಕೈಯೆತ್ತಿ ನಿಂತಿದ್ದಳು.

"ಏನೇ ಅದು?"

"ಮಾತಾಡೋಕೆ ಅನುಮತಿ ಇದೆಯಾ?"

"ಇಲ್ಲ! ಇದು ಯುದ್ಧಕಾಲ!"

ಅವಳು ಕೈ ಇಳಿಸಿ ಸೀರೆಯನ್ನು ಒಂದು ಗೇಣು ಮೇಲೆತ್ತಿಕೊಂಡಳು. ನೀರು ನಡುಮನೆಗೆ ಹರಿಯಿತು. ಆಗ ಕಣ್ಣಿಗೆ ಬಿದ್ದದ್ದು ನೆಲದ ಮೇಲೆ ತೇಲುತ್ತಿದ್ದ ಮಗಳ ಟಿಪ್ಪಣಿ ಪುಸ್ತಕ. ನೀಲಿ ಶಾಯಿಯಲ್ಲಿದ್ದ ರೋಮಿನ ಐನೂರು ವರ್ಷ ಬಾತ್‌ರೂಮಿನ ಕಡೆಗೆ ಹರಿದುಹೋಗುತ್ತಿತ್ತು. ಮಗಳ ಮುಖ ಬಿಳಿಚಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣ್ಣಲ್ಲೇ ಒಂದು ಸನ್ನೆ. ಅತ್ತೆಯವರು ಸ್ಪ್ಯಾನರ್ ಕಸಿದರು. ಮಗಳು ಟೋಗದ ಸೆರಗು ಹಿಡಿದೆಳೆದಳು. ನಾನು ಗಿರ್ರನೆ ಎರಡು ಸುತ್ತು ತಿರುಗಿ, ಬನಿಯನ್ ಚಡ್ಡಿಯಲ್ಲಿ ಫ್ರಿಜ್ಜಿನ ಬುಡಕ್ಕೆ ಕುಸಿದೆ. ಹೆಂಡತಿ ವಾಷಿಂಗ್ ಮೆಷಿನ್ನಿನ ಹಿಂದೆ ಕೈ ಹಾಕಿ ನೀರಿನ ಮುಖ್ಯ ವಾಲ್ವನ್ನು ಒಂದೇ ಸುತ್ತು ತಿರುಗಿಸಿದಳು. ನೀರು ನಿಂತಿತು!

"ಇದನ್ನ ಮೊದಲೇ ಹೇಳಬಾರದಿತ್ತೇನೇ?"

"ಅದಕ್ಕೇ ರೀ ಕೈಯೆತ್ತಿದ್ದು."

ಪ್ಲಂಬರ್ ಬಂದು ನನ್ನನ್ನು ದಾಟಿಕೊಂಡು ಹೋಗಿ, ಹೊಸ ನಲ್ಲಿ ಕೂರಿಸಿ, "ಇವರು ಯಾರು, ಹುಷಾರಿಲ್ವಾ?" ಎಂದು ಪಿಸುಗುಟ್ಟಿದ.

"ಬೆಳಿಗ್ಗೆ ಸರ್ವಾಧಿಕಾರಿ ಆಗಿದ್ರು," ಎಂದರು ಅತ್ತೆಯವರು.

ಒದ್ದೆ ಪುಟಗಳನ್ನು ಫ್ಯಾನಿನ ಕೆಳಗೆ ಹರವಿ ಕುಳಿತೆ. ಒಂದಕ್ಷರವೂ ಉಳಿದಿರಲಿಲ್ಲ. "ನಾಳೆ ಏನು ಬರೀತೀಯ ಪುಟ್ಟೀ?" ಎಂದು ತಲೆ ತಗ್ಗಿಸಿ ಕೇಳಿದೆ.

"ಕಂಡಿದ್ದನ್ನ," ಎಂದಳು.

ಬುಧವಾರ ಉತ್ತರಪತ್ರಿಕೆ ಬಂತು. ಇಪ್ಪತ್ತಕ್ಕೆ ಹತ್ತೊಂಬತ್ತು! ನಾಟಕದಲ್ಲಿ ಪಿತೂರಿಗಾರರ ಮುಖ್ಯಸ್ಥನ ಪಾತ್ರವೂ ಖಾತ್ರಿ! ಹಿಗ್ಗಿನಲ್ಲಿ ಅವಳನ್ನು ಎತ್ತಿ ತಿರುಗಿಸಿ, ಬೀದಿಗೆಲ್ಲ ಕೇಳುವ ಹಾಗೆ "ಕಲಿಸಿದ್ದು ಯಾರು?" ಎಂದು ಕೂಗಿದೆ.

"ಟೀಚರೂ ಅದನ್ನೇ ಕೇಳಿದ್ರಪ್ಪಾ. 'ಇಷ್ಟು ಚೆನ್ನಾಗಿ ಅಪ್ಪ ಕಲಿಸಿದ್ರಾ?' ಅಂತ."

"ನೀನೇನಂದೆ?"

"'ಇಲ್ಲ ಮಿಸ್, ನಾವೆಲ್ಲ ಸೇರಿ ಅಪ್ಪನ್ನ ಕೆಳಗಿಳಿಸಿದ್ವಿ, ಆಗ ಅರ್ಥ ಆಯ್ತು' ಅಂದೆ."

ಕಾಫಿ ಬೇಕೆನಿಸಿತು. ನಾನು ಮೆಲ್ಲಗೆ ಕೈಯೆತ್ತಿದೆ.