ಮೊದಲೇ ಎಬ್ಬಿಸಿದ ನಾಲ್ಕು ಪ್ರೊಸೆಸರ್‌ಗಳು

ಬೇಗ ಹೋಗುವುದು ಸದ್ಗುಣವೆಂದು ಹೇಳಿದವರು ಬಸ್ ನಿಲ್ದಾಣದಲ್ಲಿ ಕಾದು ಕುಳಿತವರ ಮುಖ ನೋಡಿರಲಾರರು. ನಾನು ಆ ಸದ್ಗುಣದ ಹಳೆಯ ರೋಗಿ. ಕಾಪುವಿನಿಂದ ಉಡುಪಿಗೆ ಬಸ್ಸಿನ ಹಿಂದೆ ಬಸ್ಸಿದ್ದರೂ ನನ್ನ ಬಸ್ಸಿಗೆ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುತ್ತೇನೆ. “ಬಸ್ಸು ತೊಳೀಲಿಕ್ಕೆ ಸಹ ನಿಮಗೇ ಉಂಟಾ?” ಎಂದು ಹೆಂಡತಿ ಕೇಳುತ್ತಾಳೆ. ಒಮ್ಮೆ ಬೆಳ್ಮಣ್ಣಿನ ಮದುವೆಯೊಂದಕ್ಕೆ ಎಷ್ಟು ಬೇಗ ಹೋಗಿದ್ದೆನೆಂದರೆ, ಶಾಮಿಯಾನದವರು ನನ್ನನ್ನು ತಮ್ಮವನೇ ಎಂದು ತಿಳಿದು ಹಗ್ಗದ ತುದಿಯನ್ನು ಕೈಗೆ ಕೊಟ್ಟರು. ಮದುಮಗಳ ತಂದೆ ಸ್ವಾಗತಿಸಲು ಬಂದಾಗ ನಾನು ಕಂಬ ಅಪ್ಪಿಕೊಂಡು ನಿಂತಿದ್ದೆ. ಆದರೂ ಮೂವತ್ತು ವರ್ಷಗಳ ನೌಕರಿಯಲ್ಲಿ ನನ್ನ ಹೆಸರಿನ ಮುಂದೆ ‘ತಡ’ ಎಂಬ ಗುರುತು ಒಮ್ಮೆಯೂ ಬಿದ್ದಿರಲಿಲ್ಲ. ಇದೊಂದನ್ನು ಬಿಟ್ಟರೆ ನನಗೆ ಬೇರೆ ಕೀರ್ತಿಯೂ ಇರಲಿಲ್ಲ.

ಉಡುಪಿಯ ಒಂದು ವಿದ್ಯಾಸಂಸ್ಥೆಯಲ್ಲಿ, ಸರ್ವರ್ ಎಂಬ ಕಪ್ಪು ಕಪಾಟಿನಂಥ ಯಂತ್ರದ ಯೋಗಕ್ಷೇಮ ನನ್ನದು. ಹಾಜರಾತಿ, ಗ್ರಂಥಾಲಯ, ಪರೀಕ್ಷೆ ಎಲ್ಲವೂ ಅದರ ಹೊಟ್ಟೆಯೊಳಗೆ ಬೇರೆ ಬೇರೆ ಬಿಡಾರ ಹೂಡಿವೆ. ಅಲ್ಲಿ ದುಡಿಯುವವರು ಪ್ರೊಸೆಸರ್‌ಗಳು. ಇರುವುದು ಹದಿನಾರು, ನಮಗೆ ದುಡಿಯುವುದು ಎಂಟು; ಅವನ್ನು ಬಿಡಾರಗಳಿಗೆ ಹಂಚಿಕೊಟ್ಟಿದ್ದೇವೆ. ಉಳಿದ ಎಂಟನ್ನು ಕಂಪನಿಯವರು ಯಂತ್ರದೊಳಗೇ ಮಲಗಿಸಿ ಬೀಗ ಹಾಕಿದ್ದಾರೆ. ಮನೆ ನಮ್ಮದು, ಒಳಕೋಣೆಯ ಬೀಗದ ಕೈ ಅವರದು. ಕೆಲಸ ಹೆಚ್ಚಿದಾಗ ಪತ್ರ ಬರೆದು ಬೇಡಿಕೊಂಡರೆ ಗೇಣುದ್ದದ ಸಂಕೇತವೊಂದು ಬರುತ್ತದೆ. ಅದನ್ನು ತಪ್ಪಿಲ್ಲದೆ ಟೈಪಿಸಿದರೆ ಕೇಳಿದಷ್ಟು ಪ್ರೊಸೆಸರ್‌ಗಳು ಕೇಳಿದಷ್ಟು ದಿನ ಎದ್ದು ಕೂರುತ್ತವೆ. ಕೆಲಸ ಕೊಟ್ಟರೂ ಕೊಡದಿದ್ದರೂ ದಿನ ಓಡುತ್ತದೆ; ಅವಧಿ ಮುಗಿದ ಕ್ಷಣ ಹೇಳದೆ ಕೇಳದೆ ಮತ್ತೆ ಮಲಗುತ್ತವೆ. ಇದಕ್ಕೆ ತಾತ್ಕಾಲಿಕ ಲೈಸೆನ್ಸ್ ಎನ್ನುತ್ತಾರೆ.

ಈ ಸಲ ಪರೀಕ್ಷೆಯ ಫಲಿತಾಂಶ ಸೋಮವಾರ ಹತ್ತು ಗಂಟೆಗೆ ಎಂದು ಸಾಹೇಬರು ಘೋಷಿಸಿದರು. “ಒಂಬತ್ತೂವರೆಗೇ ಕೊಡ್ತೇನೆ ಸರ್” ಎಂದು ನಾನು ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ನಾಲ್ಕು ಪ್ರೊಸೆಸರ್, ಮೂರು ದಿನ ಎಂದು ಲೈಸೆನ್ಸ್ ಬಂತು. ಕೊನೆಯ ಅಂಕಪಟ್ಟಿ ಕೈಸೇರುವುದು ಶನಿವಾರ ಸಂಜೆ; ಯಂತ್ರಕ್ಕೆ ಕೆಲಸ ಶುರುವಾಗುವುದು ಭಾನುವಾರ ಒಂಬತ್ತಕ್ಕೆ. ಅಲ್ಲಿಯವರೆಗೆ ಕಾಯುವುದು ನನ್ನ ರಕ್ತದಲ್ಲಿಲ್ಲ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೇ ಸಂಕೇತ ಟೈಪಿಸಿ ನಾಲ್ವರನ್ನೂ ಎಬ್ಬಿಸಿದೆ. ಮೂರು ದಿನ ಅವು ಜಗಲಿಯ ಮೇಲಿನ ನೆಂಟರಂತೆ ಕೈಕಟ್ಟಿ ಕುಳಿತವು. ಭಾನುವಾರ ಸರಿಯಾಗಿ ಒಂಬತ್ತಕ್ಕೆ, ನಾನು ಕೆಲಸ ಶುರುಮಾಡಿದ ಗಳಿಗೆಯಲ್ಲೇ, ಎದ್ದು ಹೋದವು.

ನನ್ನ ಸಹೋದ್ಯೋಗಿ ಕಟಪಾಡಿಯ ಫ್ಲೇವಿಯಾ ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಕಚೇರಿಗೆ ಬಂದವಳು ಪರದೆ ನೋಡಿ ನಿಂತಳು.

“ಎಂತ ಸರ್ ಇದು? ಗುರುವಾರವೇ ಎಂತಕ್ಕೆ ಎಬ್ಬಿಸಿದ್ದು?”

“ಜಾಗ ಸ್ವಲ್ಪ ಅಭ್ಯಾಸ ಆಗಲಿ ಅಂತ.”

“ಅಭ್ಯಾಸ ಆಗ್ಲಿಕ್ಕೆ ಅದೇನು ಹೊಸ ಮದುಮಗಳಾ ಮಾರಾಯ್ರೆ!”

ಈ ವೇಗದಲ್ಲಿ ಫಲಿತಾಂಶ ಬರುವುದು ಮಂಗಳವಾರ ಮಧ್ಯಾಹ್ನಕ್ಕೆ ಎಂದು ಅವಳು ಅಂದಾಜು ಹೇಳಿದಳು. ಕಂಪನಿಗೆ ಫೋನ್ ಮಾಡಿದೆ. ಭಾನುವಾರವಾದ್ದರಿಂದ ಅತ್ತ ಕಡೆ ಕಾಯಿಸುವ ಕೊಳಲಿನ ರಾಗ ಮಾತ್ರ ಕರ್ತವ್ಯದಲ್ಲಿತ್ತು. ಸಾಹೇಬರ ಮುಖ, ಸಭೆಯ ಮುಖ, ಗೇಟಿನಲ್ಲಿ ನೆರೆಯಲಿರುವ ಮಕ್ಕಳ ಮುಖ ಒಂದೊಂದಾಗಿ ಕಣ್ಣಮುಂದೆ ಬಂದವು.

“ಗ್ರಂಥಾಲಯಕ್ಕೆ ಇವತ್ತು ರಜೆ, ಹಾಜರಾತಿಗೂ ರಜೆ. ಅವರ ಪ್ರೊಸೆಸರ್ ತೆಗೆದು ಪರೀಕ್ಷೆಗೆ ಕೊಡುವ” ಎಂದಳು ಫ್ಲೇವಿಯಾ.

“ಅದಕ್ಕೆ ಒಪ್ಪಿಗೆ ಪತ್ರ ಬೇಡವೇ?”

“ನೆರೆಮನೆ ಮದುವೆಗೆ ಹಂಡೆ ಕೊಡ್ಲಿಕ್ಕೆ ಯಾರಾದ್ರೂ ಅರ್ಜಿ ಬರೆಸ್ತಾರಾ ಸರ್?”

ಹತ್ತು ನಿಮಿಷದಲ್ಲಿ ಹಂಡೆಗಳೆಲ್ಲ ಬಂದವು. ಹಾಜರಾತಿಗೆ ತೀರ್ಥದಷ್ಟು ಉಳಿಸಿದಳು. ಯಂತ್ರ ಓಡತೊಡಗಿತು. ಲೈಸೆನ್ಸಿಗಾಗಿ ನಾನು ಬರೆದಿದ್ದ ಪತ್ರಗಳ ಕಡತವನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಸರಿಸಿದೆ.

“ನಾಳೆ ಎಂಟಕ್ಕೆ ಹಾಜರಾತಿಯದ್ದು ವಾಪಸ್ ಕೊಡುವ ಸರ್. ಹತ್ತಕ್ಕೆ ಹೇಗೂ ಫಲಿತಾಂಶ ಬರ್ತದೆ.”

“ಹತ್ತಕ್ಕಲ್ಲ, ಒಂಬತ್ತೂವರೆಗೆ. ಮುಗಿಯುವವರೆಗೆ ಒಂದನ್ನೂ ಕೊಡಬಾರದು” ಎಂದು ಆಜ್ಞಾಪಿಸಿದೆ. ಅವಳು ನನ್ನನ್ನೊಮ್ಮೆ ನೋಡಿ, “ಆಯ್ತು” ಎಂದಳು.

ಸೋಮವಾರ ಎಂಟೂವರೆಗೆ ಎಂದಿನಂತೆ ಮೊದಲಿಗನಾಗಿ ಬಾಗಿಲಿನ ಹಾಜರಾತಿ ಯಂತ್ರಕ್ಕೆ ಹೆಬ್ಬೆರಳು ಒತ್ತಿದೆ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಹಿಂದೆ ಸಾಲು ಬೆಳೆದು ಮೆಟ್ಟಿಲಿಳಿದು ಗೇಟು ಮುಟ್ಟಿತು. “ಎಂತ ಮಾರಾಯ್ರೆ, ಹೆಬ್ಬೆರಳು ಮನೆಯಲ್ಲೇ ಬಿಟ್ಟು ಬಂದ್ರಾ?” ಎಂದು ಯಾರೋ ಕೂಗಿದರು. ತೀರ್ಥದಷ್ಟು ಶಕ್ತಿಯಲ್ಲಿ ಆ ಬಡಯಂತ್ರ ನನ್ನ ಗುರುತು ಹಿಡಿದು ಕೀಂ ಎಂದಾಗ ಒಂಬತ್ತು ಗಂಟೆ ಐದು ನಿಮಿಷ; ಕಚೇರಿ ಶುರುವಾಗುವುದು ಒಂಬತ್ತಕ್ಕೆ. ನನ್ನ ಹಿಂದಿದ್ದವರಿಗೂ ತಡವಾಯಿತು; ಅವರಿಗೆ ಅದು ರೂಢಿ.

ಫಲಿತಾಂಶ ಒಂಬತ್ತೂವರೆಗೆ ಎರಡು ನಿಮಿಷ ಮೊದಲೇ ಹೊರಬಂತು. ಮಕ್ಕಳು ಕುಣಿದರು, ಸಾಹೇಬರು ಬೆನ್ನು ತಟ್ಟಿದರು. ಮಧ್ಯಾಹ್ನ ಮಹಡಿಯ ಆಡಳಿತ ಕಚೇರಿಯಿಂದ ನನ್ನ ಮೇಜಿಗೆ ಚೀಟಿ ಬಂತು: ‘ತಡ. ಮೂರು ದಿನಗಳೊಳಗೆ ಕಾರಣ ತಿಳಿಸತಕ್ಕದ್ದು.’ ಬಹಳ ಯೋಚಿಸಿ, ಸತ್ಯವನ್ನೇ ಬರೆದೆ: ‘ಬೇಗ ಬಂದ ಕಾರಣ ತಡವಾಯಿತು.’

ಫ್ಲೇವಿಯಾ ಅದನ್ನು ಓದಿ, “ಹೀಗೆ ಬರೆದ್ರೆ ಯಾರು ನಂಬ್ತಾರೆ ಸರ್? ಮೂರು ದಿನ ಉಂಟಲ್ಲ, ನಿಧಾನಕ್ಕೆ ಯೋಚನೆ ಮಾಡಿ ಕೊಡಿ” ಎಂದಳು.

ಅಷ್ಟರಲ್ಲಿ ನಾನು ಚೀಟಿ ಹಿಡಿದು ಮೆಟ್ಟಿಲು ಹತ್ತಿಯಾಗಿತ್ತು. ಆಡಳಿತ ಕಚೇರಿಯ ಬಾಗಿಲು ತೆರೆದಿರಲಿಲ್ಲ, ಊಟದ ಹೊತ್ತು. ಅಲ್ಲೇ ಕಾದು ನಿಂತೆ.