ಗೊಂಬೆ ಮೆಟ್ಟಿಲ ಮೇಲೊಂದು ಭೂತದ ಗೋರಿ

ನಮ್ಮ ಸೋದರತ್ತೆಗೆ ಬುದ್ಧಿ ಕೆಟ್ಟಿದೆ ಎಂದು ನಾನು ಖಂಡಿತ ಹೇಳುವುದಿಲ್ಲ. ಬುದ್ಧಿ ಕೆಟ್ಟವರನ್ನಾದರೂ ಕ್ಷಮಿಸಬಹುದು. ಅತ್ತೆಯದು ಎಲ್ಲ ನೆಟ್ಟಗಿದ್ದೂ ಮಾಡುವ ಕಿತಾಪತಿ! ಇಲ್ಲದಿದ್ದರೆ ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮೆಟ್ಟಿಲ ಮೇಲೆ ಯಾರಾದರೂ ಗೋರಿ ಕಟ್ಟುತ್ತಾರೆಯೇ?

ಊರಿನವರೆಲ್ಲ ಅರಮನೆ, ಅಂಬಾರಿ ಜೋಡಿಸಿದ್ದರೆ ರಾಮಕೃಷ್ಣನಗರದ ಈ ಮನೆಯಲ್ಲಿ ಮಾತ್ರ ಸಾವಿರ ವರ್ಷ ಹಳೆಯ ಸಮಾಧಿ. ಎಲ್ಲಿಯದು ಎಂದರೆ, ಯಾವ ಭೂಪಟದಲ್ಲೂ ಇಲ್ಲದ ಲೋಕದ್ದಂತೆ! ಅಲ್ಲಿ ಎರಡು ಚಂದ್ರ, ಹಾರುವ ಎಮ್ಮೆಗಳು. ಎಮ್ಮೆ ಏಕೆ ಹಾರಬೇಕು? ಹಾಲು ಮೂರನೇ ಮಹಡಿಗೂ ತಲುಪಬೇಕಲ್ಲ ಎಂದರು ಅತ್ತೆ. ಥರ್ಮೋಕೋಲಿನ ಕಲ್ಲುಗಳಿಗೆ ಪಾಚಿ ಬೇಕೆಂದು, ಪಾತ್ರೆ ತೊಳೆಯಲು ನಾನು ತಂದಿದ್ದ ಹೊಸ ಹಸಿರು ಸ್ಕ್ರಬ್ಬರನ್ನೆಲ್ಲ ಕತ್ತರಿಸಿ ಅಂಟಿಸಿದ್ದರು.

ಗೋರಿಗೆ ಭೂತವೂ ಇತ್ತು. ಅತ್ತೆಯೇ ಗಂಡು ದನಿಯಲ್ಲಿ ನರಳಿ, ಅದನ್ನು ಹಳೆಯ ಮೊಬೈಲಿನಲ್ಲಿ ಹಿಡಿದು ಒಳಗಿಟ್ಟಿದ್ದರು. ಅಷ್ಟು ನರಳಿದ ಭೂತ ಕೊನೆಗೆ ಕೇಳುವುದೇನು? “ಕಾಫಿ ಆಯ್ತೇನೇ?” ಥೇಟ್ ತೀರಿಹೋದ ನಮ್ಮ ಮಾವನ ಧಾಟಿ! ಗೊಂಬೆ ನೋಡಲು ಬಂದ ಎದುರುಮನೆಯಾಕೆ ಬೆಚ್ಚಿಬಿದ್ದು ಕಡಲೆ ಉಸಲಿಯನ್ನೆಲ್ಲ ಸೋಫಾದ ಮೇಲೆ ಚೆಲ್ಲಿದರು. ಆರಿಸಿದವಳು ನಾನು.

ನಾನೇನು ಕೆಲಸವಿಲ್ಲದೆ ಬನ್ನಿಮಂಟಪದಿಂದ ಎರಡು ಬಸ್ಸು ಹತ್ತಿ ದಿನವೂ ಬರುತ್ತಿದ್ದೆನೇ? ಮಾವ ಹೋದಮೇಲೆ ಅತ್ತೆ ಕೂರಿಸಿದ ಮೊದಲ ಗೊಂಬೆ ಇದು. ಬಂದ ಹೆಂಗಸರಿಗೆ ಅರಿಶಿನ ಕುಂಕುಮ ಕೊಡಲು ಮುತ್ತೈದೆ ಬೇಕು. ಅತ್ತೆ ಕೊಡುವ ಹಾಗಿಲ್ಲ, ತೆಗೆದುಕೊಳ್ಳುವ ಹಾಗೂ ಇಲ್ಲ. ಅದಕ್ಕೇ ಕುಂಕುಮದ ಬಟ್ಟಲು ನನ್ನ ಕೈಗೆ ಬಂದಿತ್ತು. ಇಷ್ಟೆಲ್ಲ ಮಾಡುವವಳು ಗೋರಿ ಬೇಡವೆಂದರೆ ಆ ಮಾತಿಗೆ ಕವಡೆ ಕಿಮ್ಮತ್ತೂ ಬೇಡವೇ?

ನಾಲ್ಕನೆಯ ಸಂಜೆ ನೋಡುತ್ತೇನೆ, ಮೇಲಿನ ಮೆಟ್ಟಿಲಿನಲ್ಲಿ ಜೋಡಿಯಾಗಿ ನಿಲ್ಲಬೇಕಾದ ಪಟ್ಟದ ಗೊಂಬೆಗಳಲ್ಲಿ ರಾಜನೇ ಇಲ್ಲ! ಅತ್ತೆಯ ಮದುವೆಯಲ್ಲಿ ನಮ್ಮಜ್ಜಿ ಕೊಟ್ಟ ಜೋಡಿ ಅದು. ಹುಡುಕಿದರೆ, ಮಹಾರಾಯ ಗೋರಿಯೊಳಗೆ ಮಲಗಿದ್ದಾನೆ. ನನ್ನ ಪಿತ್ತ ನೆತ್ತಿಗೇರಿತು.

“ಅತ್ತೆ, ಶುಭದ ದಿನ ಇದೇನಿದು? ನಾನು ಈಗ್ಲೇ ಕಿತ್ತು ಬಿಸಾಕ್ತೀನಿ.”

“ಕೀಳು. ಅದಕ್ಕೆ ಮುಂಚೆ ರಾಣಿ ಹಣೆ ನೋಡು,” ಎಂದರು ಅತ್ತೆ.

ಒಂಟಿಯಾಗಿ ನಿಂತ ರಾಣಿಯ ಹಣೆಯಲ್ಲಿ ಹೊಸ ಕುಂಕುಮವಿತ್ತು.

“ಈ ಗೊಂಬೆ ಲೋಕದಲ್ಲಿ ರಾಜ ಸತ್ರೂ ರಾಣಿಗೆ ಕುಂಕುಮ ಕೊಡ್ತಾರೆ ಕಣೇ. ಅದಕ್ಕೇ ಕಟ್ಬುಟ್ಟೆ. ಈ ಮನೇಲಿ ನಾಲ್ಕು ದಿನದಿಂದ ನೀನೂ ನನ್ನ ದಾಟ್ಕೊಂಡೇ ಹೋಗ್ತಿದ್ದೀಯಲ್ಲ.”

ಹೌದು, ದಾಟಿದ್ದೆ. ಸಾಲಾಗಿ ಕೂತವರಿಗೆಲ್ಲ ಬಟ್ಟಲು ಹಿಡಿದು, ಅತ್ತೆಯ ಮುಂದೆ ಬಂದಾಗ ಸೆರಗಿನ ಮರೆಗೆ ಎಳೆದುಕೊಂಡಿದ್ದೆ. ನನ್ನನ್ನು ಎತ್ತಿ ಆಡಿಸಿದ ಅತ್ತೆ! ಸ್ಕ್ರಬ್ಬರಿಗೆ, ಉಸಲಿಗೆ ಕೋಪ ಮಾಡಿಕೊಂಡವಳಿಗೆ ಇದೊಂದಕ್ಕೆ ಕೋಪ ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಷ್ಟರಲ್ಲಿ ಬೀದಿಯ ಹೆಂಗಸರು ಬಂದು ಜಮಖಾನದ ಮೇಲೆ ಕೂತರು. ನಾನು ಅವರೆಲ್ಲರ ಎದುರಿಗೇ ಬಟ್ಟಲನ್ನು ಮೊದಲು ಅತ್ತೆಗೆ ಹಿಡಿದೆ. ಅತ್ತೆ ಬೆರಳನ್ನು ಬಟ್ಟಲಿನವರೆಗೆ ತಂದು, ಆ ಹೆಂಗಸರ ಮುಖಗಳನ್ನು ನೋಡಿ, ಅಲ್ಲೇ ನಿಲ್ಲಿಸಿದರು.

ನಾನೇ ಅತ್ತೆಯ ಹಣೆಗಿಟ್ಟೆ.